ಕೃದಂತದಿಂದ ಉಪವಾಕ್ಯಕ್ಕೆ: ಇಂಗ್ಲಿಷ್ ಕಲಿಕೆಯಲ್ಲಿ ಕನ್ನಡ ವ್ಯಾಕರಣದ ನೆರವು

ಇಂಗ್ಲಿಷ್ ವ್ಯಾಕರಣದಲ್ಲಿ ಪದರಚನೆ ಮತ್ತು ಸಂಬಂಧಾರ್ಥಕ ಉಪವಾಕ್ಯ ಸಾಮಾನ್ಯವಾಗಿ ಎರಡು ಬೇರೆ ಬೇರೆ ಪಾಠಗಳು. ಕನ್ನಡದಲ್ಲಾದರೋ ಇವೆರಡೂ ಕೃದಂತದಲ್ಲಿ ಸಂಧಿಸುತ್ತವೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕೃದಂತವನ್ನು ನಾಮಪ್ರಕೃತಿಗಳಲ್ಲೊಂದಾಗಿ ಎಣಿಸಿದ್ದಾನೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಂಗ್ಲಿಷ್ ಕಲಿಸುವಾಗ ಈ ತಿಳಿವಳಿಕೆ ಉಪಯುಕ್ತವಾಗಬಲ್ಲದು.

‘ಬಿತ್ತು’ ಧಾತುವಿನಿಂದ ಬಿತ್ತಿದ, ಬಿತ್ತುವ, ಬಿತ್ತದ ಎಂಬ ರೂಪಗಳು ಹುಟ್ಟುತ್ತವೆ. ಇವಕ್ಕೆ ಸರ್ವನಾಮ ಸೇರಿದರೆ ಬಿತ್ತಿದವನು, ಬಿತ್ತುವವನು, ಬಿತ್ತದವನು ಎಂದಾಗುತ್ತದೆ. ಈ ಭಾಗದ ಆಡುಮಾತಿನಲ್ಲಿ ಬಿತ್ತಿದಾಂವ, ಬಿತ್ತಾಂವ. ಇವು ರೂಪದಲ್ಲಿ ಪದಗಳು, ಅರ್ಥದಲ್ಲಿ ಉಪವಾಕ್ಯಗಳು. ಇಂಗ್ಲಿಷಿನ ‘ವೀವರ್’ ಪದಕ್ಕೆ ಕಾಲವಿಲ್ಲ. ಅದು ‘ನೇಕಾರ’ನಿಗೆ ಸಮ. ‘ನೇಯ್ದವನು’ ಎಂಬುದಕ್ಕೆ ಭೂತಕಾಲವಿರುವುದರಿಂದ ಅಲ್ಲಿ ‘ಹೂ ವೋವ್’ ಎಂಬ ಉಪವಾಕ್ಯವೇ ಬೇಕು.

ಹೆಚ್ಚಿನ ತೊಡಕು ವಿಭಕ್ತಿಯದು. ಗಜೇಂದ್ರಗಡದ ಕೈಮಗ್ಗದ ಕೆಲಸವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು: ‘ಅವಳು ನೇಯ್ದ ಸೀರೆ’, ‘ಅವಳು ನೇಯ್ದ ಮಗ್ಗ’, ‘ಅವಳು ನೇಯ್ದ ದಿನ’. ಮೂರರಲ್ಲಿಯೂ ‘ನೇಯ್ದ’ ಒಂದೇ; ಸಂಬಂಧವನ್ನು ಕೇಳುಗನೇ ಊಹಿಸಿಕೊಳ್ಳುತ್ತಾನೆ. ಇಂಗ್ಲಿಷ್ ಇಲ್ಲಿ ಕ್ರಮವಾಗಿ ‘ವಿಚ್’, ‘ಆನ್ ವಿಚ್’, ‘ವೆನ್’ ಎಂದು ಸಂಬಂಧವನ್ನು ಬಾಯಿಬಿಟ್ಟು ಹೇಳುತ್ತದೆ. ಆದುದರಿಂದ ವಿದ್ಯಾರ್ಥಿಯು ಮೊದಲು ನಾಮಪದವನ್ನು ಕ್ರಿಯಾಪದದ ಹಿಂದೆ ಮರಳಿಸಿ ನೋಡಬೇಕು: ಸೀರೆಯನ್ನು ನೇಯ್ದಳು, ಮಗ್ಗದ ಮೇಲೆ ನೇಯ್ದಳು, ಆ ದಿನ ನೇಯ್ದಳು. ಕೃದಂತದಲ್ಲಿ ಮರೆಯಾಗಿದ್ದ ‘ಮೇಲೆ’ ಎಂಬುದೇ ಇಂಗ್ಲಿಷಿನಲ್ಲಿ ‘ಆನ್’ ಆಗಿ ಹೊರಬರುತ್ತದೆ.

ಇನ್ನೊಂದು ವ್ಯತ್ಯಾಸ ಅಲ್ಪವಿರಾಮದ್ದು. ‘1858ರಲ್ಲಿ ಬಂಡೆದ್ದ ಬಾಬಾಸಾಹೇಬ’ ಎಂಬಲ್ಲಿ ವ್ಯಕ್ತಿ ಯಾರೆಂಬುದು ಹೆಸರಿನಿಂದಲೇ ಗೊತ್ತಾಗುವುದರಿಂದ ಇಂಗ್ಲಿಷಿನಲ್ಲಿ ಉಪವಾಕ್ಯದ ಮುನ್ನ ಅಲ್ಪವಿರಾಮ ಬರುತ್ತದೆ. ‘1980ರಲ್ಲಿ ಬೀದಿಗಿಳಿದ ನರಗುಂದದ ರೈತರು’ ಎಂಬುದಕ್ಕೆ ಮಾತ್ರ ಎರಡು ಅನುವಾದಗಳು ಸಾಧ್ಯ. ಅಲ್ಪವಿರಾಮವಿದ್ದರೆ ಪ್ರಸ್ತಾಪಿತ ರೈತರೆಲ್ಲರೂ ಬೀದಿಗಿಳಿದರೆಂದೂ ಇಲ್ಲದಿದ್ದರೆ ಬೀದಿಗಿಳಿದ ರೈತರಷ್ಟೇ ವಿವಕ್ಷಿತರೆಂದೂ ಅರ್ಥವಾಗುತ್ತದೆ. ಕನ್ನಡದ ಕೃದಂತ ಈ ಭೇದವನ್ನು ಸಂದರ್ಭಕ್ಕೆ ಬಿಡುತ್ತದೆ. ಇದನ್ನು ಅರಿಯದ ಅನುವಾದಕನ ಕೈಯಲ್ಲಿ ಚರಿತ್ರೆಯ ಹೇಳಿಕೆಯೇ ಬದಲಾಗಿಬಿಡಬಹುದು.

ಹೀಗೆ ವಿದ್ಯಾರ್ಥಿಯ ತೊಡಕಿಗೆ ಕಾರಣ ಕನ್ನಡದ ಕೊರತೆಯಲ್ಲ. ಎರಡು ಭಾಷೆಗಳು ಸಂಬಂಧವನ್ನು ಸೂಚಿಸುವ ಬಗೆಯಲ್ಲಿರುವ ಅಂತರ. ಕೃದಂತ ಮತ್ತು ಕಾರಕಗಳನ್ನು ಚೆನ್ನಾಗಿ ಬೋಧಿಸುವ ಕನ್ನಡ ಅಧ್ಯಾಪಕರು ಇಂಗ್ಲಿಷ್ ಪಾಠಕ್ಕೂ ಅಡಿಪಾಯ ಹಾಕಿದಂತಾಗುತ್ತದೆ.