ಗುರುವಿಲ್ಲದ ವೇಳೆಯ ಇಂಗ್ಲಿಷು

ಮೂರು ತಿಂಗಳು ಇಂಗ್ಲಿಷ್ ಸಂಭಾಷಣೆಯ ತರಗತಿಗೆ ಹೋಗಿಬಂದ ತರುಣನು ಸಂದರ್ಶನದ ಮೇಜಿನ ಮುಂದೆ ತುಟಿ ಬಿಚ್ಚದೆ ಕುಳಿತರೆ ತಪ್ಪು ಯಾರದು? ಶುಲ್ಕ ತೆತ್ತ ತಂದೆ ಮಗನನ್ನು ಗದರುತ್ತಾನೆ. ಮಗನು ತಾನು ಓದಿದ ಕನ್ನಡ ಶಾಲೆಯನ್ನು ದೂರುತ್ತಾನೆ. ದೋಷವಿರುವುದು ಬೇರೆಡೆ. ಗುರು ಕೇಳಿದ್ದಕ್ಕೆ ಉತ್ತರ ಹೇಳುವುದನ್ನು ಅವನು ಕಲಿತನು. ಗುರುವಿಲ್ಲದಾಗ ತಾನೇ ಕಲಿಯುವ ಬಗೆಯನ್ನು ಯಾರೂ ಕಲಿಸಲಿಲ್ಲ.

ಆ ಬಗೆ ಹೇಗಿರುತ್ತದೆಂಬುದನ್ನು ಹಂಪೆಯಲ್ಲಿ ಕಾಣಬಹುದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರಕ್ಕೆ ದೇಶವಿದೇಶಗಳ ಪ್ರವಾಸಿಗರು ಬರುತ್ತಾರೆ. ಅವರಿಗೆ ಎಳನೀರು, ಚಿತ್ರಪಟಗಳನ್ನು ಮಾರುತ್ತಲೇ ಇಂಗ್ಲಿಷನ್ನು ಕಿವಿಯಿಂದ ಹಿಡಿದವರು ಅಲ್ಲುಂಟು. ತಿಳಿಯದಿದ್ದರೆ ಅವರು ನಾಚದೆ ಮತ್ತೊಮ್ಮೆ ಕೇಳುತ್ತಾರೆ. ಇಂದು ಕೇಳಿದ ಮಾತನ್ನು ನಾಳೆ ಆಡಿ ನೋಡುತ್ತಾರೆ. ಆದರೆ ವ್ಯಾಪಾರದ ಮಾತು ಮುಗಿದೊಡನೆ ಅನೇಕರ ಇಂಗ್ಲಿಷೂ ಮುಗಿಯುತ್ತದೆ. ಬೀದಿಯ ಧೈರ್ಯಕ್ಕೆ ತರಗತಿಯ ತಿದ್ದುಪಡಿ ಕೂಡಿದಾಗಲೇ ಭಾಷೆ ಬೆಳೆಯುವುದು.

ತನ್ನ ಕಲಿಕೆಯ ಹೊಣೆಯನ್ನು ತಾನೇ ಹೊರುವ ಈ ಸಾಮರ್ಥ್ಯವನ್ನು ಫ್ರಾನ್ಸಿನ ವಿದ್ವಾಂಸ ಹೆನ್ರಿ ಹೋಲೆಕ್ 1979ರಲ್ಲಿಯೇ ವಿವರಿಸಿದ್ದನು. ಅದು ಹುಟ್ಟಿನಿಂದ ಬರುವುದಲ್ಲ, ಅಭ್ಯಾಸದಿಂದ ಬರುವುದೆಂಬುದು ಅವನ ಮತ.

ಅಧ್ಯಾಪಕರು ಈ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಬಹುದು. ‘ದಯವಿಟ್ಟು ಇನ್ನೊಮ್ಮೆ ಹೇಳಿ’, ‘ನಿಧಾನವಾಗಿ ಹೇಳಿ’, ‘ಇದಕ್ಕೆ ಏನೆನ್ನುತ್ತಾರೆ?’ ಎಂಬ ಮೂರು ಮಾತುಗಳನ್ನು ಇಂಗ್ಲಿಷಿನಲ್ಲಿ ಕಲಿಸಿದರೆ ಮಾತು ನಡುವೆ ಕಡಿದು ಬೀಳುವುದಿಲ್ಲ. ಅನಂತರ ವಿಷಯದ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಡಬೇಕು. ಕಂಪ್ಲಿಯವನು ಭತ್ತದ ನಾಟಿಯನ್ನು ವರ್ಣಿಸಲಿ. ಸಂಡೂರಿನವಳು ಲಂಬಾಣಿ ಕಸೂತಿಯನ್ನು ವಿವರಿಸಲಿ. ಹೊಸಪೇಟೆಯವನು ತುಂಗಭದ್ರಾ ಅಣೆಕಟ್ಟಿನ ಕುರಿತು ಹೇಳಲಿ. ಬೇಕಾದ ಪದಗಳನ್ನು ಅವರೇ ನಿಘಂಟಿನಲ್ಲಿ ಹುಡುಕಲಿ. ತಾನು ಬಲ್ಲ ವಿಷಯವನ್ನು ಹೇಳುವಾಗ ನಾಲಗೆಗೆ ಅಂಜಿಕೆ ಕಡಿಮೆ.

ಮನೆಯಲ್ಲಿ ಅದೇ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಬೇಕು. ಒಂದೇ ಒಂದು ತಪ್ಪನ್ನು ಗುರುತಿಸಿ, ತಿದ್ದಿ, ಮತ್ತೆ ಹೇಳಬೇಕು. ತಿಂಗಳ ಕೊನೆಯಲ್ಲಿ ಮೊದಲ ಮುದ್ರಣವನ್ನು ಕೇಳಿದರೆ ತನ್ನ ಪ್ರಗತಿ ತನಗೇ ತಿಳಿಯುತ್ತದೆ. ಗುರುವಾದವನು ಪ್ರತಿ ತಪ್ಪಿಗೂ ನಡುವೆ ಬಾಯಿ ಹಾಕದೆ, ವಿದ್ಯಾರ್ಥಿ ತಾನೇ ತಿದ್ದಿಕೊಳ್ಳುವವರೆಗೆ ಕ್ಷಣಕಾಲ ತಾಳುವುದು ಲೇಸು.

ಹಾಡುತ್ತ ಹಾಡುತ್ತ ರಾಗವೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ತರಗತಿಗೆ ಹಣ ಕಟ್ಟುವ ಮುನ್ನ ಪೋಷಕರು ವಿಚಾರಿಸಬೇಕಾದ ಪ್ರಶ್ನೆ ಇದು: ಒಂದು ಗಂಟೆಯ ಪಾಠದಲ್ಲಿ ಗುರು ಎಷ್ಟು ಹೊತ್ತು ಮಾತನಾಡುತ್ತಾರೆ, ಮಕ್ಕಳು ಎಷ್ಟು ಹೊತ್ತು?