ಅಮೆರಿಕದ ಬಾಸ್, ಕಾಗಿಣಾದ ಕೊರಮೀನು: ರಬ್ಬರ್ ಕಪ್ಪೆ ಯಾವಾಗ ಎಸೀಬೇಕು, ಯಾವಾಗ ಬ್ಯಾಡ?

ಮಳೆಗಾಲ ಶುರುವಾಗಿ ಕಾಗಿಣಾ ನದಿಗೆ ಹೊಸ ನೀರು ಬಂತಂದ್ರ ಸೇಡಂ, ಮಳಖೇಡ, ಚಿತ್ತಾಪುರ, ಶಹಾಬಾದ್ ಕಡೆ ಸೇತುವೆ ಪಕ್ಕ, ಬಾಂದಾರದ ಮ್ಯಾಲ ಗಾಳ ಹಿಡಿದು ಕೂಡೋರು ಕಾಣ್ತಾರೆ. ಮೊದಲು ಒಂದು ಬಿದಿರಿನ ಕೋಲು, ತಂಗೂಸಿ ದಾರ, ಡಬ್ಬಿಯಲ್ಲಿ ನಾಲ್ಕು ಎರೆಹುಳ ಇದ್ದರೆ ಸಾಕಾಗ್ತಿತ್ತು. ಈಗ ಮೊಬೈಲ್‌ನಲ್ಲಿ ವಿಡಿಯೊ ನೋಡಿದ ಹುಡುಗರು ರಾಡ್, ರೀಲ್, ರಬ್ಬರ್ ಕಪ್ಪೆ, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ತರಿಸಿಕೊಳ್ಳುತ್ತಿದ್ದಾರೆ. ‘ಲೂರ್ ಅದಾವೇನ್ರಿ?’ ಅಂತ ಅಂಗಡಿಗೂ ಬಂದು ಕೇಳ್ತಾರೆ.

ಆ ವಿಡಿಯೊಗಳಲ್ಲಿ ಹಿಡಿಯೋದು ಬಹುಪಾಲು ಅಮೆರಿಕದ ಬಾಸ್ ಮೀನು. ನಮ್ಮಲ್ಲಿ ಇರೋದು ಕೊರಮೀನು. ಅಲ್ಲಿಯ ಲೂರ್ ಇಲ್ಲಿ ನಡೀತದಾ? ನಡೀತದ, ಚೆನ್ನಾಗೇ ನಡೀತದ. ಆದರೆ ಅದು ಎಲ್ಲಕ್ಕಿಂತ ಚೆನ್ನಾಗಿ ನಡೆಯುವ ದಿನಗಳಲ್ಲೇ ಅದನ್ನು ಎಸೆಯಬಾರದು. ಯಾಕೆ ಅನ್ನೋದು ತಿಳಿಯಬೇಕಾದರೆ ಎರಡೂ ಮೀನಿನ ಸ್ವಭಾವ, ಲೂರಿನ ಇತಿಹಾಸ ಸ್ವಲ್ಪ ನೋಡಬೇಕು.

ಬಾಸ್ ಅಂದ್ರೆ ಬಾಸಾ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ಹೋಟೆಲ್ ಮೆನುವಿನಲ್ಲಿ, ಫ್ರೀಜರ್ ಅಂಗಡಿಯಲ್ಲಿ ‘ಬಾಸಾ’ ಅಂತ ಬರೆದಿರುವುದು ಪಂಗಾಸ್ ಜಾತಿಯ ಮೀನು. ಅದಕ್ಕೂ ಬಾಸ್‌ಗೂ ಸಂಬಂಧ ಇಲ್ಲ.

ಗಾಳದವರು ಹೇಳುವ ಬಾಸ್ ಅಂದರೆ ಉತ್ತರ ಅಮೆರಿಕದ ಕೆರೆ-ನದಿಗಳ ದೊಡ್ಡ ಬಾಯಿಯ ಬೇಟೆ ಮೀನು. ಜೊಂಡು, ಮುಳುಗಿದ ಮರ, ಎಲೆಗಳ ನೆರಳಲ್ಲಿ ಅಡಗಿ ಕೂಡುತ್ತದೆ. ಹತ್ತಿರ ಬಂದ ಸಣ್ಣ ಮೀನು, ಕಪ್ಪೆ, ಹುಳ ಏನಿದ್ದರೂ ಒಮ್ಮೆಲೆ ಹಾರಿ ನುಂಗುತ್ತದೆ.

ನಮ್ಮ ಕೊರಮೀನಿನ ಚಾಳಿಯೂ ಇದೇ. ಹಳೆ ಮೈಸೂರು ಕಡೆ ಇದನ್ನು ಕೊರವ ಅಂತಾರೆ, ಇಂಗ್ಲಿಷ್ ಹೆಸರು ಮರ್ರೆಲ್. ಪಕ್ಕದ ತೆಲಂಗಾಣದಲ್ಲಿ ಇದು ಕೊರ್ರಮೀನು, ಅಲ್ಲಿಯ ರಾಜ್ಯ ಮೀನು. ಹಾವಿನಂಥ ತಲೆ, ಚೂಪು ಹಲ್ಲು. ಇದಕ್ಕೆ ಬಾಸ್‌ಗೆ ಇಲ್ಲದ ಒಂದು ಶಕ್ತಿ ಇದೆ: ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕೆರೆ ಕೆಸರಾದರೂ ಬದುಕುತ್ತದೆ, ಸಂತೆಯಲ್ಲಿ ಬಕೆಟ್‌ನಲ್ಲಿ ಜೀವಂತ ಮಾರಾಟವಾಗುತ್ತದೆ. ಆಗಾಗ ಮೇಲೆ ಬಂದು ‘ಗುಳುಂ’ ಅಂತ ಗಾಳಿ ಕುಡಿಯುತ್ತದೆ. ಕೊರಮೀನು ಎಲ್ಲಿದೆ ಅಂತ ಹಳಬರಿಗೆ ಗೊತ್ತಾಗುವುದು ಇದರಿಂದಲೇ.

ಗಾಳದ ವಿದ್ಯೆ ಬರೆದಿಟ್ಟವ ನಮ್ಮ ಕಡೆಯ ರಾಜ

ಗಾಳದ ಆಟ ಅಂದರೆ ಇಂಗ್ಲಿಷರು ತಂದದ್ದು ಅಂತ ಬಹಳ ಮಂದಿ ತಿಳಿದಿದ್ದಾರೆ. ಇಂಗ್ಲೆಂಡ್‌ನಲ್ಲಿ ಗಾಳದ ಬಗ್ಗೆ ಮೊದಲ ಇಂಗ್ಲಿಷ್ ಪ್ರಬಂಧ ಅಚ್ಚಾದದ್ದು 1496ರಲ್ಲಿ. ಐಸಾಕ್ ವಾಲ್ಟನ್‌ನ ಹೆಸರಾಂತ ಪುಸ್ತಕ ಬಂದದ್ದು 1653ರಲ್ಲಿ.

ನಮ್ಮ ಕಡೆ ನೋಡ್ರಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಕಾಗಿಣಾ ದಂಡೆಯ ಇವತ್ತಿನ ಮಳಖೇಡ. ಅವರ ನಂತರ ಬಂದ ಚಾಲುಕ್ಯರು ಮೊದಲು ಅಲ್ಲಿಂದಲೇ ಆಳಿ, ಆಮೇಲೆ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಒಯ್ದರು. ಆ ವಂಶದ ಮೂರನೇ ಸೋಮೇಶ್ವರ 1126ರಿಂದ 1138ರ ತನಕ ಆಳಿದ. 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆ, ಆನೆ, ಸಂಗೀತ, ಔಷಧ ಎಲ್ಲವೂ ಇರುವ ನೂರು ಅಧ್ಯಾಯಗಳ ವಿಶ್ವಕೋಶ ಅದು. ಅದರಲ್ಲಿ ‘ಮತ್ಸ್ಯವಿನೋದ’ ಅನ್ನುವ ಒಂದು ಅಧ್ಯಾಯವೇ ಗಾಳದ್ದು.

ಸುಮಾರು 35 ಬಗೆಯ ಮೀನುಗಳ ಹೆಸರು ಅದರಲ್ಲಿವೆ. ಸಮುದ್ರದ್ದು ಯಾವುದು, ನದಿಯದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು ಅಂತ ವಿಂಗಡಿಸಿದ್ದಾನೆ. ಯಾವ ಮೀನಿಗೆ ಯಾವ ತಿನಿಸು, ಗಾಳ ಹೇಗೆ ಅನ್ನುವುದೂ ಇದೆ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಲೇಖನ ಬರೆದ ಮೇಲೆ ವಿಜ್ಞಾನಿಗಳ ಗಮನ ಇದರ ಕಡೆ ಹರಿಯಿತು. ಅಂದರೆ ಇಂಗ್ಲಿಷ್ ಪ್ರಬಂಧಕ್ಕಿಂತ 350 ವರ್ಷ ಮೊದಲೇ ಗಾಳದ ಮೂಲ ಪಾಠ ನಮ್ಮ ನೆರೆಯ ಕಲ್ಯಾಣದ ರಾಜ ಬರೆದಿಟ್ಟಿದ್ದ: ಮೀನು ಏನು ತಿನ್ನುತ್ತದೆ, ಎಲ್ಲಿರುತ್ತದೆ ಅನ್ನೋದು ಮೊದಲು ತಿಳಕೋ, ಆಮೇಲೆ ಎರೆ ಹಾಕು.

ಕರ್ನಾಟಕಕ್ಕೆ ಬೇರೆ ಹೆಸರೂ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಭಾರತದ ಗಾಳದ ಬಗ್ಗೆ 1873ರಲ್ಲಿ ಪುಸ್ತಕ ತಂದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕೆ.ಜಿ.ಗೂ ಮಿಕ್ಕಿದ ಮಹಶೀರ್ ಹಿಡಿದರು. ಕಾವೇರಿ ಕೊಳ್ಳದ ಆ ದೊಡ್ಡ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ ಅಂತ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಸೇರಿದೆ.

ಚಮಚದಿಂದ ರಬ್ಬರ್ ಹುಳದ ತನಕ

ಲೂರ್ ಅಂದರೆ ತಿನ್ನಲಿಕ್ಕೆ ಬಾರದ, ಆದರೆ ತಿನಿಸಿನ ಹಂಗ ಕಾಣುವ, ಓಡಾಡುವ ನಕಲಿ ಎರೆ. ಇದನ್ನು ಬೆಳೆಸಿದ್ದರಲ್ಲಿ ಬಾಸ್ ಮೀನಿನ ಪಾಲು ದೊಡ್ಡದು.

ಜೂಲಿಯೊ ಬ್ಯೂಯೆಲ್ ಅನ್ನುವಾತ ಊಟ ಮಾಡುವಾಗ ಚಮಚ ಕೆರೆಗೆ ಬಿತ್ತಂತೆ. ಮಿನುಗುತ್ತಾ ಮುಳುಗುತ್ತಿದ್ದ ಅದನ್ನು ಮೀನೊಂದು ಕಚ್ಚಿತಂತೆ. ಕಥೆ ಹೇಗೇ ಇರಲಿ, 1852ರಲ್ಲಿ ಆತ ಚಮಚದ ಲೂರ್‌ಗೆ ಪೇಟೆಂಟ್ ಪಡೆದ. ಮಿಷಿಗನ್‌ನ ಜೇಮ್ಸ್ ಹೆಡ್ಡನ್ ಸುಮ್ಮನೆ ಕೆತ್ತಿದ ಕಟ್ಟಿಗೆ ತುಂಡನ್ನು ನೀರಿಗೆ ಎಸೆದಾಗ ಬಾಸ್ ಅದರ ಮೇಲೆ ಹಾರಿತು ಅಂತ ಇನ್ನೊಂದು ಕಥೆ. ಆತ ಕಟ್ಟಿಗೆಯ ಕಪ್ಪೆ ಕೆತ್ತಿದ, ಮುಂದೆ ಅದೇ ದೊಡ್ಡ ಕಂಪನಿ ಆಯಿತು. ಫಿನ್ಲೆಂಡ್‌ನ ಬಡ ಮೀನುಗಾರ ಲೌರಿ ರಪಾಲಾ 1936ರಲ್ಲಿ ಬೆಂಡು ಕೆತ್ತಿ, ಚಾಕಲೇಟಿನ ಬೇಗಡೆ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಬಳಿದು ನಕಲಿ ಮೀನು ಮಾಡಿದ. ಗಾಯಗೊಂಡ ಮೀನಿನ ಹಂಗ ಅದು ತೂರಾಡುತ್ತಿತ್ತು. 1949ರಲ್ಲಿ ಓಹಿಯೋದ ನಿಕ್ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಹುಳ ತಂದ. 1967ರಲ್ಲಿ ರೇ ಸ್ಕಾಟ್ ದೊಡ್ಡ ಬಾಸ್ ಪಂದ್ಯ ನಡೆಸಿ, ಮರುವರ್ಷ ಸಂಘ ಕಟ್ಟಿದ ಮೇಲೆ ಇದು ಬಹುಮಾನದ ಕ್ರೀಡೆಯೇ ಆಯಿತು.

ವಾಡಿ ಜಂಕ್ಷನ್‌ನವರಿಗೆ ಹಿಡಿಸುವ ಸಂಗತಿ ಒಂದಿದೆ. 1854ರಲ್ಲಿ ಬಾಸ್ ಮೀನುಗಳನ್ನು ರೈಲು ಇಂಜಿನ್‌ನ ನೀರಿನ ತೊಟ್ಟಿಯಲ್ಲಿ ಹಾಕಿಕೊಂಡು ಹೋಗಿ ಪೊಟೋಮ್ಯಾಕ್ ಕೊಳ್ಳಕ್ಕೆ ಬಿಟ್ಟಿದ್ದರು. ರೈಲು ಹೋದಲ್ಲೆಲ್ಲ ಬಾಸ್ ಹೋಯಿತು. 1925ರಲ್ಲಿ ಜಪಾನ್‌ಗೂ ಹೋಯಿತು. ಅಲ್ಲಿಯ ಸ್ಥಳೀಯ ಮೀನುಗಳನ್ನು ಎಷ್ಟು ತಿಂದಿತೆಂದರೆ 2005ರಲ್ಲಿ ಜಪಾನ್ ಸರ್ಕಾರ ಅದನ್ನು ಹಾನಿಕಾರಕ ವಿದೇಶಿ ಜೀವಿ ಅಂತ ಕಾನೂನಿನಲ್ಲಿ ಸೇರಿಸಿತು. ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಆದದ್ದೂ ಇಂಥದೇ ಕಾರಣಕ್ಕೆ. ಹಾಗಾಗಿ ‘ಬಾಸ್ ಮರಿ ತಂದು ಕೆರೆಗೆ ಬಿಡೋಣ’ ಅಂತ ಯಾರಾದರೂ ಅಂದರೆ ಒಪ್ಪಬ್ಯಾಡ್ರಿ. ಲೂರ್ ಬಂದರೆ ಸಾಕು, ಮೀನು ಬರೋದು ಬ್ಯಾಡ.

ಯಾವ ನೀರಿಗೆ ಯಾವ ಲೂರ್?

ಲೂರ್ ಆರಿಸೋದು ಬಣ್ಣ ನೋಡಿ ಅಲ್ಲ, ನೀರು ನೋಡಿ. ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಆಳ ಎಷ್ಟು? ಎಲೆ-ಜೊಂಡು ಇದೆಯಾ? ನೀರು ತಿಳಿಯೋ, ರಾಡಿಯೋ?

ರಬ್ಬರ್ ಕಪ್ಪೆ: ತಾವರೆ ಎಲೆ, ಅಂತರಗಂಗೆ, ಜೊಂಡು ತುಂಬಿದ ಕೆರೆಗೆ. ಒಳಗೆ ಟೊಳ್ಳು, ಎರಡು ಕೊಕ್ಕೆ ಬೆನ್ನಿಗೆ ಅಂಟಿ ಮೇಲ್ಮುಖ ಇರುತ್ತವೆ. ಅದಕ್ಕೇ ಎಲೆ ಮೇಲೆ ಎಳೆದರೂ ಸಿಕ್ಕಿಹಾಕಿಕೊಳ್ಳದು. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಕೊಕ್ಕೆ ಹೊರಬರುತ್ತದೆ. ಕೊರಮೀನಿಗೆ ಇದೇ ಮೊದಲ ಆಯ್ಕೆ. ಹೊಸಬರ ತಪ್ಪು ಒಂದೇ: ನೀರು ಹಾರಿದ ಕೂಡಲೇ ಜಗ್ಗೋದು. ಒಂದು, ಎರಡು ಅಂತ ಎಣಿಸಿ ಆಮೇಲೆ ಜಗ್ಗಬೇಕು.

ಚಮಚ, ತಿರುಗುವ ತಗಡು: ಬಾಂದಾರದ ಕೆಳಗೆ, ಹರಿಯುವ ಬಯಲು ನೀರಿಗೆ. ಮಿಂಚು ಮತ್ತು ಅದುರು ಎರಡೂ ಇದರಲ್ಲಿವೆ. ಜೊಂಡಿನಲ್ಲಿ ಹಾಕಿದರೆ ಸಿಕ್ಕಿಬೀಳುತ್ತದೆ.

ತುಟಿ ಇರುವ ನಕಲಿ ಮೀನು: ಮುಂದೆ ಪ್ಲಾಸ್ಟಿಕ್ ತುಟಿ ಇರುತ್ತದೆ. ತುಟಿ ಗಿಡ್ಡ ಇದ್ದರೆ ಮೇಲೆಯೇ ಈಜುತ್ತದೆ, ಉದ್ದ ಇದ್ದರೆ ಆಳಕ್ಕೆ ಇಳಿಯುತ್ತದೆ. ಕಲ್ಲುಬಂಡೆ ಅಂಚಿನ ಆಳದ ನೀರಿಗೆ ಸರಿ. ಬಾಳೆ ಮೀನೂ ಇದಕ್ಕೆ ಬೀಳುತ್ತದೆ.

ಮೆತ್ತನೆಯ ಹುಳ: ಬಿಸಿಲಿಗೆ ಮೀನು ತಳ ಹಿಡಿದು ಮಂಕಾಗಿದ್ದಾಗ. ಕೊಕ್ಕೆಯ ಮೊನೆಯನ್ನು ಹುಳದೊಳಗೆ ಮುಚ್ಚಿ, ತಳದಲ್ಲಿ ನಿಧಾನ ಎಳೆಯಬೇಕು.

ಬಣ್ಣದ ಲೆಕ್ಕ ಸರಳ. ತಿಳಿ ನೀರಿಗೆ ಬೆಳ್ಳಿ, ಹಸಿರು, ನಿಜವಾದ ಮೀನಿನ ಬಣ್ಣ. ಎರೆಮಣ್ಣು ಕದಡಿದ ಮಳೆಗಾಲದ ನೀರಿಗೆ ಕಪ್ಪು, ಇಲ್ಲವೇ ಎದ್ದು ಕಾಣುವ ಹಳದಿ. ಸಂಜೆ ಕತ್ತಲಿಗೆ ಕಪ್ಪೇ ಒಳ್ಳೇದು, ಆಕಾಶದ ಬೆಳಕಿಗೆ ಎದುರಾಗಿ ಅದರ ಆಕಾರ ಚೆನ್ನಾಗಿ ಕಾಣುತ್ತದೆ. ರಾಡಿ ನೀರಲ್ಲಿ ಮೀನು ಕಣ್ಣಿಗಿಂತ ಮೈಯನ್ನು ನಂಬುತ್ತದೆ. ಮೈಯ ಎರಡೂ ಪಕ್ಕ ತಲೆಯಿಂದ ಬಾಲದ ಕಡೆ ಹೋಗುವ ಗೆರೆಯಿಂದ ನೀರಿನ ಕಂಪನ ಅದಕ್ಕೆ ಗೊತ್ತಾಗುತ್ತದೆ. ಅಲ್ಲಿ ಬಣ್ಣಕ್ಕಿಂತ ಸಪ್ಪಳ ಮಾಡುವ ಲೂರ್ ಮೇಲು.

ಅಂಗಡಿಯವರಿಗೆ ಒಂದು ಮಾತು. ಲೂರ್ ಕೊಂಡವರಿಗೆ ಗಟ್ಟಿ ಹೆಣೆದ ದಾರ ಮತ್ತು ಉದ್ದ ಮೂತಿಯ ಪಕ್ಕಡವನ್ನೂ ತೋರಿಸಿ. ಕೊರಮೀನಿನ ಹಲ್ಲಿಗೆ ಸಣ್ಣ ತಂಗೂಸಿ ತಡೆಯದು, ಬಾಯಿಗೆ ಬೆರಳು ಹಾಕಿದರೆ ರಕ್ತ ಬರೋದು ಗ್ಯಾರಂಟಿ. ಇನ್ನು ಕಾಟ್ಲಾ, ರೋಹು ಬೇಕು ಅನ್ನೋರಿಗೆ ಲೂರ್ ಮಾರಬ್ಯಾಡ್ರಿ. ಅವು ಬೇಟೆ ಮೀನಲ್ಲ, ಹಿಟ್ಟು-ಹಿಂಡಿಯ ಉಂಡೆಯೇ ಅವಕ್ಕೆ ಸರಿ.

ಕೆಂಪು ಮರಿಗಳ ಗುಂಪು ಕಂಡರೆ

ಈಗ ಮುಖ್ಯ ಮಾತಿಗೆ ಬರೋಣ. ಕೊರಮೀನು ಹೆಚ್ಚಾಗಿ ಮರಿ ಮಾಡೋದು ಮಳೆಗಾಲದಲ್ಲಿ, ದಂಡೆಯ ಕಡಿಮೆ ಆಳದ ನೀರಿನಲ್ಲಿ. ಜೊಂಡು ಸರಿಸಿ ಜಾಗ ಮಾಡಿ ತತ್ತಿ ಇಡುತ್ತದೆ, ತತ್ತಿ ಮೇಲೆ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿ ಹೊರಬರುತ್ತವೆ. ಸ್ವಲ್ಪ ಬೆಳೆದ ಮರಿಗಳು ಕೆಂಪು-ಕೇಸರಿ ಬಣ್ಣದಲ್ಲಿ, ಚೆಂಡಿನಂತೆ ಒಟ್ಟಾಗಿ ಓಡಾಡುತ್ತವೆ. ಗಾಳಿ ಕುಡಿಯಲು ಎಲ್ಲವೂ ಮೇಲೆ ಬಂದಾಗ ಅಷ್ಟು ಜಾಗದಲ್ಲಿ ಮಾತ್ರ ಮಳೆಹನಿ ಬಿದ್ದಂತೆ ಕಾಣುತ್ತದೆ. ಅವುಗಳ ಕೆಳಗೆ ತಂದೆ-ತಾಯಿ ಕಾವಲು ಇರುತ್ತವೆ. ಸುಮಾರು ಒಂದು ತಿಂಗಳು ಈ ಕಾವಲು ನಡೆಯುತ್ತದೆ.

ಆ ಗುಂಪಿನ ನಡುವೆ ರಬ್ಬರ್ ಕಪ್ಪೆ ಎಸೆದರೆ ದೊಡ್ಡ ಮೀನು ಹೊಡೆಯೋದು ಬಹುತೇಕ ಖಚಿತ. ವಿಡಿಯೊಗಳಲ್ಲಿ ‘ನೋಡ್ರಿ ಎಂಥ ಅಟ್ಯಾಕ್’ ಅಂತ ತೋರಿಸೋದರಲ್ಲಿ ಇದೂ ಒಂದು. ಆದರೆ ಅದು ಹಸಿವಿನಿಂದ ಕಚ್ಚಿದ್ದಲ್ಲ, ಮರಿ ಉಳಿಸಲು ಕಚ್ಚಿದ್ದು. ಆ ಮೀನು ಚೀಲಕ್ಕೆ ಹೋದರೆ ಕಾವಲು ಮುರೀತು. ಬೇರೆ ಮೀನು, ಹಾವು, ಹಕ್ಕಿ ಸೇರಿ ಮರಿಗಳನ್ನು ಖಾಲಿ ಮಾಡುತ್ತವೆ. ಒಂದು ಮೀನು ಹಿಡಿದೆವು ಅಂತ ನಾವು ಅಂದುಕೊಳ್ಳುತ್ತೇವೆ, ಹೋಗೋದು ಒಂದು ಸಂಸಾರ.

ಬಾಸ್‌ನಲ್ಲೂ ಇದೇ ಕಥೆ. ಅಲ್ಲಿ ಗಂಡು ಮೀನು ಗೂಡು ಕಾಯುತ್ತದೆ, ಹತ್ತಿರ ಬಂದ ಲೂರ್‌ಗೆಲ್ಲ ಹೊಡೆಯುತ್ತದೆ. ಅದನ್ನು ಹಿಡಿಯಬೇಕೋ ಬಿಡಬೇಕೋ ಅಂತ ಅಲ್ಲಿ ವಾದವೇ ನಡೆಯುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಬಹಳಷ್ಟು ಕಡೆ ಮರಿ ಮಾಡುವ ಕಾಲ ಮುಗಿಯುವ ತನಕ ಬಾಸ್‌ಗೆ ಗಾಳವೇ ಬಂದ್.

ನಮ್ಮಲ್ಲಿ ಇದು ಬರೀ ಕರುಣೆಯ ಮಾತಲ್ಲ, ಹೊಟ್ಟೆಯ ಮಾತು. ಕೆರೆಗಳಿಗೆ ಬಿಡುವ ಮರಿಗಳು ಬಹುಪಾಲು ಕಾಟ್ಲಾ, ರೋಹು, ಮೃಗಾಲ್, ಗೆಂಡೆ. ಕೊರಮೀನು ತಾನೇ ಮರಿ ಮಾಡಿ ಉಳಿಯಬೇಕು. ಸಂತೆಯಲ್ಲಿ ಒಳ್ಳೆ ಬೆಲೆ ತರುವ ಮೀನೂ ಅದೇ. ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಂಘಗಳಿಗೆ ಹವ್ಯಾಸಿಗಳ ಒಂದು ಭಾನುವಾರದ ಆಟ ಮುಂದಿನ ವರ್ಷದ ನಷ್ಟ ಆಗಬಾರದು.

ಗಾಳ ಎಸೆಯೋ ಮುಂಚೆ

• ಕೆರೆ ಯಾರ ಗುತ್ತಿಗೆ ಅಂತ ಕೇಳಿ, ಒಪ್ಪಿಗೆ ತಗೊಳ್ಳಿ. ಜಲಾಶಯ, ನದಿ ಆದರೆ ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಲೈಸೆನ್ಸ್ ವಿಚಾರಿಸಿ.

• ಚಿಂಚೋಳಿಯ ಚಂದ್ರಂಪಳ್ಳಿ ಕಡೆ ಹೋಗುವವರು ನೆನಪಿಡಿ: ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಗಾಳ ಹಾಕುವಂತಿಲ್ಲ.

• ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಪೊಲೀಸರಿಗೆ ತಿಳಿಸಿ.

• ಶಹಾಬಾದ್, ವಾಡಿ, ಚಿತ್ತಾಪುರ ಸುತ್ತ ನೀರು ನಿಂತ ಹಳೆ ಪರ್ಸಿ ಕಲ್ಲಿನ ಖಣಿಗಳಲ್ಲಿ ಅಂಚು ನೆಟ್ಟಗೆ ಆಳಕ್ಕೆ ಇಳಿದಿರುತ್ತದೆ. ಕಾಲು ಜಾರಿದರೆ ಹಿಡಿಯಲು ಏನೂ ಸಿಗದು. ಹುಡುಗರನ್ನು ಒಬ್ಬರನ್ನೇ ಕಳಿಸಬ್ಯಾಡ್ರಿ, ಸಿಕ್ಕಿಬಿದ್ದ ಲೂರ್ ಬಿಡಿಸಲು ನೀರಿಗೆ ಇಳಿಯಬ್ಯಾಡ್ರಿ.

• ಬಿಡುವ ಮೀನಿಗೆ ನೋವು ಕಡಿಮೆ ಆಗಲು ಕೊಕ್ಕೆಯ ಹಿಮ್ಮುಳ್ಳನ್ನು ಪಕ್ಕಡದಿಂದ ಅಮುಕಿ. ಒದ್ದೆ ಕೈಯಲ್ಲಿ ಹಿಡಿದು ಬೇಗ ಬಿಡಿ.

• ತುಂಡಾದ ದಾರ ದಂಡೆಯಲ್ಲಿ ಬಿಡದೆ ಮನೆಗೆ ತನ್ನಿ. ಹಕ್ಕಿ ಕಾಲಿಗೆ, ದನದ ಕಾಲಿಗೆ ಸುತ್ತುತ್ತದೆ.

• ಕೆಂಪು ಮರಿಗಳ ಗುಂಪು ಕಂಡರೆ ದಾರ ಸುತ್ತಿಕೊಂಡು ನೂರು ಹೆಜ್ಜೆ ಮುಂದೆ ಹೋಗಿ.

ಈ ಕೊನೆಯದಕ್ಕೆ ಲೈಸೆನ್ಸೂ ಬೇಡ, ಖರ್ಚೂ ಇಲ್ಲ. ಒಂದು ತಿಂಗಳು ಕಾದರೆ ಮರಿ ದೊಡ್ಡವಾಗುತ್ತವೆ, ತಂದೆ-ತಾಯಿ ಕಾವಲು ಬಿಟ್ಟು ಬೇಟೆಗೆ ಹೊರಡುತ್ತವೆ. ಆಗ ಎಸೀರಿ ನಿಮ್ಮ ರಬ್ಬರ್ ಕಪ್ಪೆ. ಆಗ ಬಿದ್ದ ಮೀನು ನಿಮ್ಮ ಜಾಣತನಕ್ಕೆ ಬಿದ್ದದ್ದು.