ಅಕ್ಷರಗಳ ನಡುವೆ ಇಣುಕಿದ ಆನೆ

ಮಧುಗಿರಿಯ ಕೋಟೆಬೆಟ್ಟದ ಬುಡದಲ್ಲಿರುವ ಹಳೆಯ ಮನೆಯೊಂದರ ಹಿರಿಯರು ತಗಡಿನ ಡಬ್ಬಿಯಿಂದ ತಾಮ್ರದ ಕಾಸುಗಳನ್ನು ಚಾಪೆಯ ಮೇಲೆ ಸುರಿದರು. ‘ನಮ್ಮಪ್ಪನ ಕಾಲದವು. ತೂಕಕ್ಕೂ ಬೆಲೆ ಬರಲ್ಲ ಬಿಡಿ ಸಾರ್’ ಎಂದರು. ಅದರಲ್ಲಿ ಟಿಪ್ಪು ಕಾಲದ ಆನೆಕಾಸೂ ಒಂದಿತ್ತು. ಒಂದು ಮಗ್ಗುಲಲ್ಲಿ ಬಲಕ್ಕೆ ಮುಖ ಮಾಡಿದ ಆನೆ, ಇನ್ನೊಂದರಲ್ಲಿ ಪರ್ಷಿಯನ್ ಬರಹ. ಬರಹದ ಮಗ್ಗುಲನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಮಸೂರ ಇಟ್ಟೆ. ಅಕ್ಷರಗಳ ಸಂದಿಯಲ್ಲಿ ಬಾಗಿದ ಗೆರೆಯೊಂದು ಕಂಡಿತು. ಅದು ಆನೆಯ ಬೆನ್ನು! ಅದರ ಕೆಳಗೆ ಹೊಟ್ಟೆಯ ಅಂಚು, ಸೊಂಡಿಲಿನ ತಿರುವು. ಆದರೆ ಈ ಆನೆಯ ಮುಖ ಎಡಕ್ಕಿತ್ತು. ಆ ಖುಷಿ ನನಗಿನ್ನೂ ಇಳಿದಿಲ್ಲ.

ಸಂಗ್ರಾಹಕರು ಇದನ್ನು ‘ಡೈ ಕ್ಲ್ಯಾಷ್’ ಎನ್ನುತ್ತಾರೆ. ಟಂಕಸಾಲೆಯಲ್ಲಿ ಕೆಳಗಿನ ಅಚ್ಚಿನ ಮೇಲೆ ಲೋಹದ ಬಿಲ್ಲೆ ಇಟ್ಟು, ಮೇಲೆ ಇನ್ನೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆ ಇಡದೆಯೇ ಏಟು ಬಿದ್ದರೆ ಅಚ್ಚಿಗೆ ಅಚ್ಚೇ ಬಡಿಯುತ್ತದೆ. ಒಂದರ ಗುರುತು ಇನ್ನೊಂದರ ಮೇಲೆ ಉಳಿಯುತ್ತದೆ. ಆಮೇಲೆ ಆ ಅಚ್ಚಿನಿಂದ ಬಂದ ನಾಣ್ಯಗಳೆಲ್ಲ ಆ ಗುರುತನ್ನು ಹೊತ್ತೇ ಹೊರಬರುತ್ತವೆ. ಅಚ್ಚಿನಲ್ಲಿ ಚಿತ್ರ ತಗ್ಗಿನಲ್ಲಿರುತ್ತದೆ, ಬಯಲು ಭಾಗ ಎತ್ತರದಲ್ಲಿರುತ್ತದೆ. ಹಾಗಾಗಿ ಬಯಲಿಗೆ ಬಯಲು ತಾಗಿ, ಚಿತ್ರದ ಅಂಚಷ್ಟೇ ಮಸುಕಾಗಿ ಮೂಡುತ್ತದೆ. ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.

ಗುರುತಿಸಲು ಮೊಬೈಲೇ ಸಾಕು. ಎರಡೂ ಮಗ್ಗುಲುಗಳ ಫೋಟೊ ತೆಗೆದು, ಒಂದನ್ನು ಎಡ–ಬಲ ಮಗುಚಿ, ಅರೆಪಾರದರ್ಶಕ ಮಾಡಿ ಇನ್ನೊಂದರ ಮೇಲೆ ಕೂರಿಸಬೇಕು. ಇಂದಿನ ಯಂತ್ರದ ನಾಣ್ಯಗಳಲ್ಲಿ ಗೆರೆಗಳು ನೇರವಾಗಿ ಹೊಂದುತ್ತವೆ. ಆನೆಕಾಸಿನಲ್ಲಿ ಹಾಗಾಗದು; ಕೈಯಲ್ಲಿ ಹಿಡಿದ ಅಚ್ಚು ಪ್ರತಿ ಏಟಿಗೂ ತಿರುಗುತ್ತಿತ್ತು. ಗೆರೆ ಕೂಡುವವರೆಗೆ ಚಿತ್ರವನ್ನು ಸುತ್ತಿಸುತ್ತಲೇ ಇರಬೇಕು.

ಮೋಸಹೋಗುವ ಜಾಗಗಳೂ ಇವೆ. ಎರಡು ಏಟು ಬಿದ್ದ ನಾಣ್ಯದಲ್ಲಿ ಅದೇ ಮಗ್ಗುಲಿನ ಚಿತ್ರ ಸರಿಯಾದ ದಿಕ್ಕಿನಲ್ಲೇ ಮರುಕಳಿಸುತ್ತದೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದರೆ ಹುಟ್ಟುವುದು ‘ಬ್ರಾಕೇಜ್’. ಅದರಲ್ಲಿ ಇಡೀ ಚಿತ್ರ ಗುಳಿಬಿದ್ದು ತಿರುಗುಮುರುಗಾಗಿರುತ್ತದೆ. ಟಿಪ್ಪು ನಾಣ್ಯಗಳಲ್ಲಿ ಇನ್ನೊಂದು ಸೋಜಿಗವಿದೆ. 1787ರ ಸುಮಾರಿಗೆ ಅವನು ಮೌಲೂದಿ ವರ್ಷಗಣನೆ ತಂದಾಗ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1216 ಎಂಬುದು ನಮ್ಮ ಕಣ್ಣಿಗೆ 6121 ಆಗಿ ಕಾಣುತ್ತದೆ. ಇದನ್ನು ಕ್ಲ್ಯಾಷ್ ಎಂದು ಮಾರಲು ಬಂದವರನ್ನು ನಾನು ಕಂಡಿದ್ದೇನೆ. ಒಂದೊಂದೇ ಅಂಕಿ ನೋಡಿ: ಅಂಕಿಯ ಆಕಾರ ನೆಟ್ಟಗಿದ್ದು ಸಾಲು ಮಾತ್ರ ಹಿಂದುಮುಂದಾಗಿದ್ದರೆ ಅದು ಸುಲ್ತಾನನ ಆಜ್ಞೆ. ಅಂಕಿಯೇ ಮಗುಚಿದ್ದರೆ ಮಾತ್ರ ಅಚ್ಚಿನ ಕಥೆ.

ಈ ಸೀಮೆಯಲ್ಲಿ ಇಂಥ ಕಾಸು ಸಿಗುವುದು ಸಹಜ. 1687ರಿಂದ 1757ರವರೆಗೆ ಶಿರಾ ಮೊಗಲ್ ಪ್ರಾಂತ್ಯದ ರಾಜಧಾನಿ. 1761ರಲ್ಲಿ ಹೈದರಾಲಿಯ ಪಾಲಾಯಿತು. ಆನೆಕಾಸುಗಳು ಹೆಚ್ಚಾಗಿ ಶ್ರೀರಂಗಪಟ್ಟಣದವು. ಆದರೆ ಶಿರಾದ ಆಚೆ ಚಿತ್ರದುರ್ಗದಲ್ಲಿ, ಪಾವಗಡಕ್ಕೆ ಉತ್ತರದ ಗುತ್ತಿಯಲ್ಲಿ ಕೂಡ ಟಿಪ್ಪುವಿನ ಟಂಕಸಾಲೆಗಳಿದ್ದವು.

ಕೊನೆಯ ಸಾಕ್ಷಿ ಇನ್ನೊಂದು ನಾಣ್ಯ. ಅದೇ ಅಚ್ಚಿನ ಮತ್ತೊಂದು ಕಾಸಿನಲ್ಲಿ ಅದೇ ಜಾಗದಲ್ಲಿ ಅದೇ ಗೆರೆ ಕಂಡರೆ ಸಂಶಯವಿಲ್ಲ. ಒಂಟಿ ನಾಣ್ಯದ ಗೆರೆ ಬರೀ ಗೀರೂ ಆಗಿರಬಹುದು. ಆ ಜೋಡಿ ಕೊರಟಗೆರೆಯ ಯಾವುದೋ ಅಟ್ಟದ ಮೇಲಿದ್ದರೂ ಇರಬಹುದು. ಹುಣಸೆಗೆ ಹೆಸರಾದ ನಾಡು ನಮ್ಮದು. ತಾಮ್ರ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವ ರೂಢಿ. ಹಳೆಯ ಕಾಸಿಗೆ ದಯವಿಟ್ಟು ಅದು ಬೇಡ. ಹೊಳಪು ಬರುತ್ತದೆ, ಕೂದಲೆಳೆಯಂಥ ಗೆರೆ ಅಳಿಸಿಹೋಗುತ್ತದೆ. ಟಂಕಸಾಲೆಯ ಆ ಒಂದು ಖಾಲಿ ಏಟನ್ನು ಯಾವ ಕಡತವೂ ಬರೆದಿಟ್ಟಿಲ್ಲ. ಬರೆದಿಟ್ಟದ್ದು ಆ ಗೆರೆ ಮಾತ್ರ.